ಲ್ಯಾಪ್‌ಟಾಪಿನ ಬಾಯಿ ಕಟ್ಟಿದಾಗ ತಾಯಿ ಏನು ಮಾಡಬೇಕು?



ಹೋಳಿಗೆಯ ಕಣಕ ಹರಿಯುವುದೇಕೆ, ಮಳೆಗಾಲದಲ್ಲಿ ಸಂಡಿಗೆಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು, ಹಟಮಾರಿ ಮಗುವನ್ನು ಹೇಗೆ ತಿದ್ದಬೇಕು ಎಂದೆಲ್ಲ ನೀವು ಕೇಳುತ್ತೀರಿ, ನನಗೆ ತಿಳಿದಷ್ಟು ಹೇಳುತ್ತೇನೆ. ಈ ಸಲ ಇಳಕಲ್ಲಿನಿಂದ ಬಂದ ಒಂದು ಪತ್ರ ಬೇರೆಯದೇ ಸಂಕಟವನ್ನು ತಂದಿದೆ. ಆ ತಾಯಿ ಬರೆದದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ಅಕ್ಕಾರ, ನನ್ನ ಮಗಳಿಗೆ ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ಬಿ.ಎ. ಕಡೀ ವರ್ಷ ಓದಾಕತ್ತಾಳ. ಓದೂದು ಬರಿಯೂದು ಎಲ್ಲಾ ಲ್ಯಾಪ್‌ಟಾಪಿನ್ಯಾಗ. ಪರದೆ ಮ್ಯಾಲೆ ಇದ್ದದ್ದನ್ನೆಲ್ಲಾ ಅದು ಓದಿ ಹೇಳತೈತಿ. ಮೊನ್ನೆ ಏನೋ ಅಪ್‌ಡೇಟ್ ಮಾಡ್ಲೇನು ಅಂತ ಕೇಳ್ತು, ಇಕಿ ಮಾಡು ಅಂದ್ಳು. ಅವತ್ತಿಂದ ಮಾತಾಡವಲ್ದು. ಅಂಗಡಿ ಹುಡುಗ ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು ಅಂತಾನ. ಇನ್ನ ನಾಕು ದಿನದಾಗ ಕಾಲೇಜಿಗೆ ಬರದು ಕೊಡೂದೈತಿ. ಅಕಿ ಊಟ ಬಿಟ್ಟು ಕುಂತಾಳ. ನನಗ ಇಂಗ್ಲಿಷ್ ಅಕ್ಷರ ಕೂಡಿಸಿ ಓದಾಕಷ್ಟ ಬರತೈತಿ. ನಾ ಏನಾರ ಮಾಡಾಕ ಆಗತೈತೇನ್ರಿ?”

ಆಗುತ್ತದೆ ತಾಯಿ, ಖಂಡಿತ ಆಗುತ್ತದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಂದರೆ ಸಾಕು. ಈ ತಾಯಿಗೆ ಅಂದೇ ಫೋನಿನಲ್ಲಿ ಉತ್ತರ ಹೇಳಿದ್ದಾಯಿತು. ಆದರೆ ಹುನಗುಂದ, ಬಾದಾಮಿ, ಬಾಗಲಕೋಟೆಗಳಿಂದಲೂ ಇದೇ ಜಾತಿಯ ಪ್ರಶ್ನೆಗಳು ಬಂದಿರುವುದರಿಂದ ಎಲ್ಲರಿಗೂ ಅನುಕೂಲವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಸಮಸ್ಯೆ ಇಲ್ಲದಿದ್ದರೂ ಓದಿಡಿ. ಅಕ್ಕಪಕ್ಕದವರಿಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಮಾತಾಡುವುದು ಯಾವುದು?

ಲ್ಯಾಪ್‌ಟಾಪ್ ತಾನಾಗಿ ಮಾತಾಡುವುದಿಲ್ಲ. ಅದರೊಳಗೆ ಸ್ಕ್ರೀನ್ ರೀಡರ್, ಅಂದರೆ ಪರದೆಯನ್ನು ಓದಿ ಹೇಳುವ ಒಂದು ತಂತ್ರಾಂಶ ಇರುತ್ತದೆ. ನಮ್ಮ ಕಡೆಯ ವಿದ್ಯಾರ್ಥಿಗಳು ಬಳಸುವುದರಲ್ಲಿ ಮುಖ್ಯವಾದದ್ದು ಎನ್‌ವಿಡಿಎ. ಇದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರ ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದಕ್ಕೂ ಮೊದಲೇ, 1989ರಲ್ಲಿ, ಅಮೆರಿಕದ ಟೆಡ್ ಹೆಂಟರ್ ಅವರ ಜಾಸ್ ಎಂಬ ತಂತ್ರಾಂಶ ಬಂದಿತ್ತು. ಅವರೂ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡವರೇ. ಜಾಸ್‌ಗೆ ಹಣ ಕೊಡಬೇಕು. ಎನ್‌ವಿಡಿಎ ಪೂರ್ತಿ ಉಚಿತ. ಹಾಗಾಗಿ ಬಡ ಮನೆಯ ಮಗುವಿಗೂ ಅದು ಸಿಗುತ್ತದೆ. ಕನ್ನಡವನ್ನೂ ಓದಬಲ್ಲ ಇ-ಸ್ಪೀಕ್ ಎಂಬ ದನಿ ಅದರೊಳಗೇ ಇದೆ. ದನಿ ತುಸು ಒರಟು, ಆದರೂ ಕೆಲಸಕ್ಕೆ ಗಟ್ಟಿ.

ವರ್ಷಕ್ಕೆ ಕೆಲವು ಸಲ ಇದರ ಹೊಸ ಆವೃತ್ತಿ ಬರುತ್ತದೆ. ಹಳೆಯದು ಹೋಗಿ ಹೊಸದು ಕೂಡುವ ಆ ನಡುವಿನ ಹೊತ್ತಿನಲ್ಲಿ ಮಾತು ನಿಲ್ಲುವುದು ಸಹಜ. ಆ ಹೊತ್ತಿನಲ್ಲೇ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ, ಅಥವಾ ಪರದೆಯ ಮೇಲೆ ಬಂದ ಪ್ರಶ್ನೆಗೆ ಯಾರೂ ಉತ್ತರ ಕೊಡದೆ ಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿದ್ದವರಿಗೆ ಆ ಪ್ರಶ್ನೆ ಕಾಣುತ್ತದೆ. ಕಾಣದವರಿಗೆ ಓದಿ ಹೇಳಬೇಕಾದ ದನಿಯೇ ಆಗ ಊರಲ್ಲಿ ಇರುವುದಿಲ್ಲ! ಕಷ್ಟವಿರುವುದು ಇಲ್ಲೇ.

ಕಣ್ಣು ನಿಮ್ಮದು, ಕೈ ಅವಳದು

ಕೆಲಸಕ್ಕೆ ಕೈ ಹಚ್ಚುವ ಮೊದಲು ಎರಡು ಮಾತು ಮನಸ್ಸಿನಲ್ಲಿಡಿ.

ಮೊದಲನೆಯದು: ಮಾತು ನಿಂತಿತೆಂದರೆ ಯಂತ್ರ ಸತ್ತಿತೆಂದಲ್ಲ. ಅವಳು ಬರೆದಿಟ್ಟ ಪಾಠ, ಟಿಪ್ಪಣಿ ಎಲ್ಲ ಒಳಗೆ ಹಾಗೇ ಇರುತ್ತವೆ. ಆದ್ದರಿಂದ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮಾತಿಗೆ ಒಪ್ಪಬೇಡಿ. ಫಾರ್ಮ್ಯಾಟ್ ಎಂದರೆ ದೀಪ ಹತ್ತಲಿಲ್ಲವೆಂದು ಮನೆಯನ್ನೇ ಕೆಡವಿದ ಹಾಗೆ. ಬೇರೆ ಕಡೆ ನಕಲು ಇಲ್ಲದಿದ್ದರೆ ಮೂರು ವರ್ಷದ ಓದು ಒಂದು ಗಂಟೆಯಲ್ಲಿ ಹೋದೀತು. ರಿಪೇರಿ ಹುಡುಗನದು ಕೆಟ್ಟ ಮನಸ್ಸೆಂದು ನಾನು ಹೇಳುತ್ತಿಲ್ಲ. ಮಾತಾಡುವ ತಂತ್ರಾಂಶವನ್ನು ಅವನು ಎಂದೂ ಬಳಸಿರುವುದಿಲ್ಲ, ಅಷ್ಟೇ.

ಎರಡನೆಯದು ಇನ್ನೂ ಮುಖ್ಯ: ಅವಳನ್ನು ಬದಿಗೆ ಸರಿಸಿ ನೀವು ಕೂರಬೇಡಿ. ಆ ಯಂತ್ರದ ಒಂದೊಂದು ಗುಂಡಿಯೂ ಅವಳ ಬೆರಳಿಗೆ ಗೊತ್ತು. ಅವಳಿಗೆ ಈಗ ಬೇಕಾದದ್ದು ಎರಡು ಕಣ್ಣು ಮಾತ್ರ. ಅದನ್ನು ನೀವು ಸಾಲ ಕೊಡಿ. ಪರದೆಯ ಮೇಲೆ ಏನಿದೆಯೋ ಅದನ್ನು ಇದ್ದ ಹಾಗೇ ಓದಿ ಹೇಳಿ. ‘ಏನೋ ತಪ್ಪಾಗೈತಿ ಅಂತ ಬಂದೈತವಾ’ ಎಂದರೆ ಪ್ರಯೋಜನವಿಲ್ಲ. ಅರ್ಥವಾಗದ ಪದವಿದ್ದರೆ ಒಂದೊಂದೇ ಅಕ್ಷರ ಹೇಳಿ, ಅವಳು ಕೂಡಿಸಿಕೊಳ್ಳುತ್ತಾಳೆ. ಕೆಳಗೆ ಯಾವ ಯಾವ ಬಟನ್ ಇವೆ, ಯಾವುದಕ್ಕೆ ಬಣ್ಣ ಅಥವಾ ಗೆರೆ ಸುತ್ತಿದೆ ಎಂಬುದನ್ನೂ ಹೇಳಿ. ಒತ್ತುವುದು ಅವಳ ಕೆಲಸ.

ನಮ್ಮ ಸೀಮೆಯವರಿಗೆ ಇದು ಹೊಸ ಪಾಠವೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರವರೆಗೆ ಪುಟ್ಟರಾಜ ಗವಾಯಿಗಳೂ ಎಷ್ಟು ಅಂಧ ಮಕ್ಕಳಿಗೆ ವಿದ್ಯೆ ಕೊಟ್ಟರು! ಇಬ್ಬರೂ ಸ್ವತಃ ದೃಷ್ಟಿ ಇಲ್ಲದವರು. ಮಕ್ಕಳ ಕೈಗೇ ವಾದ್ಯ ಕೊಟ್ಟು ನುಡಿಸಲು ಕಲಿಸಿದರು. ಮನೆಯಲ್ಲೂ ಹಾಗೇ ನಡೆಯಬೇಕು.

ಮಾತು ಬರಿಸುವ ಐದು ಹಂತಗಳು

1. ದನಿ ನಿಜವಾಗಿ ನಿಂತಿದೆಯೇ ನೋಡಿ. ಸೌಂಡ್ ಪೂರ್ತಿ ಇಳಿದಿರಬಹುದು. ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯಲ್ಲಿ ಬಿದ್ದಿದ್ದು, ಮಾತೆಲ್ಲ ಅದಕ್ಕೇ ಹೋಗುತ್ತಿರಬಹುದು. ಮತ್ತೊಂದು ಕಾರಣವೂ ಉಂಟು. ಇನ್ಸರ್ಟ್ ಗುಂಡಿ ಒತ್ತಿ ಹಿಡಿದು ಎಸ್ ಒತ್ತಿದರೆ ಎನ್‌ವಿಡಿಎ ಮಾತಿನ ರೀತಿ ಬದಲಾಗುತ್ತದೆ, ಪೂರ್ತಿ ಸುಮ್ಮನಾಗುವುದೂ ಆ ರೀತಿಗಳಲ್ಲಿ ಒಂದು. ಕೈತಪ್ಪಿ ಒತ್ತಿದ್ದರೆ ಅದನ್ನೇ ಮತ್ತೆ ಒಂದೆರಡು ಸಲ ಒತ್ತಿದರೆ ಮಾತು ಮರಳುತ್ತದೆ. ಕೆಲವರ ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕ್ ಇರುತ್ತದೆ. ಯಾವುದೆಂದು ಅವಳಿಗೆ ಗೊತ್ತಿರುತ್ತದೆ.

2. ಎನ್‌ವಿಡಿಎಯನ್ನು ಮತ್ತೆ ಎಬ್ಬಿಸಿ. ಕಂಟ್ರೋಲ್, ಆಲ್ಟ್, ಎನ್ ಈ ಮೂರನ್ನೂ ಒಟ್ಟಿಗೆ ಒತ್ತಲಿ. ಅರ್ಧ ನಿಮಿಷ ಕಾಯಿರಿ, ಅವಸರ ಬೇಡ. ಕಿವಿಗೊಟ್ಟು ಕೇಳಿ. ಎನ್‌ವಿಡಿಎ ಏಳುವಾಗ ಮೇಲೇರುವ ಸ್ವರದ ಸಣ್ಣದೊಂದು ನಾದ ಬರುತ್ತದೆ. ನಾದ ಬಂದು ಮಾತು ಬರದಿದ್ದರೆ ಎನ್‌ವಿಡಿಎ ಎದ್ದಿದೆ, ತೊಂದರೆ ಇರುವುದು ದನಿಯಲ್ಲಿ. ಆಗ ಐದನೆಯ ಹಂತಕ್ಕೆ ಹೋಗಿ. ಸೌಂಡ್ ಸರಿಯಿದ್ದೂ ನಾದವೇ ಬರದಿದ್ದರೆ ಎನ್‌ವಿಡಿಎ ಎದ್ದೇ ಇಲ್ಲ. ಮೂರನೆಯ ಹಂತಕ್ಕೆ ಬನ್ನಿ.

3. ನೆರೆಮನೆಯ ದನಿಯನ್ನು ಕರೆಯಿರಿ. ವಿಂಡೋಸ್ 10 ಮತ್ತು 11ರಲ್ಲಿ ನರೇಟರ್ ಎಂಬ ಇನ್ನೊಂದು ಓದುಗ ಮೊದಲೇ ಇರುತ್ತದೆ. ವಿಂಡೋಸ್ ಗುರುತಿನ ಗುಂಡಿ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಇಂಗ್ಲಿಷಿನಲ್ಲಿ ಮಾತಾಡತೊಡಗುತ್ತದೆ. ಕೆಲಸ ಮುಗಿದ ಮೇಲೆ ಅದೇ ಗುಂಡಿಗಳನ್ನು ಒತ್ತಿ ಅದನ್ನು ಮಲಗಿಸಿ. ಇಲ್ಲದಿದ್ದರೆ ಅತ್ತಿಗೆ ನಾದಿನಿ ಒಟ್ಟಿಗೆ ಮಾತಾಡಿದ ಹಾಗೆ ಎರಡೂ ಓದಿ ತಲೆ ಚಿಟ್ಟು ಹಿಡಿಸುತ್ತವೆ.

4. ಎನ್‌ವಿಡಿಎಯನ್ನು ಮತ್ತೆ ಹಾಕಿ. ಎನ್‌ವಿ ಆಕ್ಸೆಸ್ ಸಂಸ್ಥೆಯ ಜಾಲತಾಣದಿಂದ ಅದರ ಕಡತವನ್ನು ಇಳಿಸಿಕೊಳ್ಳಿ. ಬೇರೆಯವರ ಕಂಪ್ಯೂಟರಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತಂದರೂ ನಡೆಯುತ್ತದೆ. ಕಡತದ ಹೆಸರು ಎನ್, ವಿ, ಡಿ, ಎ ಅಕ್ಷರಗಳಿಂದ ಶುರುವಾಗಿ ಮುಂದೆ ಇಸವಿ ಇರುತ್ತದೆ. ನೀವು ಅದರ ಮೇಲೆ ಎರಡು ಸಲ ಒತ್ತಿ ತೆರೆಯಿರಿ, ಅಷ್ಟೇ ಸಾಕು. ಇದರಲ್ಲೊಂದು ಜಾಣತನ ಅಡಗಿದೆ: ಯಂತ್ರದೊಳಗೆ ಕೂಡುವ ಮೊದಲೇ ಆ ಕಡತ ತಾತ್ಕಾಲಿಕವಾಗಿ ಮಾತಾಡಲು ಶುರು ಮಾಡುತ್ತದೆ! ದನಿ ಕೇಳಿದ ಕೂಡಲೇ ನೀವು ಕೈ ತೆಗೆಯಿರಿ. ಷರತ್ತಿಗೆ ಒಪ್ಪಿಗೆ ಕೊಡುವುದು, ಇನ್‌ಸ್ಟಾಲ್ ಎಂಬುದನ್ನು ಒತ್ತುವುದು ಅವಳೇ ಮಾಡುತ್ತಾಳೆ. ನಡುವೆ ಈ ಬದಲಾವಣೆಗೆ ಅನುಮತಿ ಇದೆಯೇ ಎಂದು ವಿಂಡೋಸ್ ಕೇಳುತ್ತದೆ. ಆಗ ದನಿ ನಿಂತಿದ್ದರೆ ನೀವು ಪರದೆ ಓದಿ ಹೇಳಿ, ಅವಳು ಯೆಸ್ ಒತ್ತಲಿ. ಹಳೆಯದರ ಮೇಲೆಯೇ ಹೊಸದು ಕೂಡುವುದರಿಂದ ಅವಳು ಹೊಂದಿಸಿಕೊಂಡ ವೇಗ, ದನಿ ಮುಂತಾದವು ಉಳಿಯುತ್ತವೆ. ಇಳಕಲ್ಲಿನ ಮನೆಯಲ್ಲಿ ಮಾತು ಬಂದದ್ದು ಈ ಹಂತದಲ್ಲೇ. ಫಾರ್ಮ್ಯಾಟ್ ಬೇಕಾಗಲಿಲ್ಲ, ಒಂದು ಅಕ್ಷರವೂ ಕಳೆಯಲಿಲ್ಲ.

5. ದನಿ ಬದಲಿಸಿ. ನಾದ ಬಂದು ಮಾತು ಬರದಿದ್ದರೆ, ಇಲ್ಲವೆ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಓದುತ್ತಿದ್ದರೆ, ಇನ್ಸರ್ಟ್, ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಬೇಕು. ದನಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಇ-ಸ್ಪೀಕ್ ಆರಿಸಿ ಎಂಟರ್ ಒತ್ತಲಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿದರೆ ಭಾಷೆಯ ಪಟ್ಟಿ ಸಿಗುತ್ತದೆ. ಅಲ್ಲಿ ಕನ್ನಡ ಆರಿಸಿಕೊಳ್ಳಲಿ.

ಇನ್ನೊಂದು ಸಂಗತಿ. ಪರದೆ ಪೂರ್ತಿ ಕಪ್ಪಾಗಿದ್ದು ಮಾತು ಮಾತ್ರ ಬರುತ್ತಿದ್ದರೆ ಗಾಬರಿ ಬೀಳಬೇಡಿ. ತಾವು ಓದುವುದು ಬೇರೆಯವರಿಗೆ ಕಾಣದಿರಲೆಂದು ಪರದೆಯನ್ನು ಮರೆ ಮಾಡುವ ಸೌಲಭ್ಯ ಎನ್‌ವಿಡಿಎಯಲ್ಲಿ ಉಂಟು. ಅದನ್ನು ಅವಳೇ ಸರಿಸಬಲ್ಲಳು.

ಹುನಗುಂದದ ಪ್ರಶ್ನೆ: ಜೋಡಣೆ ಬಿಟ್ಟಾಗ

ಹುನಗುಂದದ ಒಬ್ಬ ಸೋದರಿಯ ತಮ್ಮ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಎನ್‌ವಿಡಿಎ ಅಪ್‌ಡೇಟ್ ಆದ ಮೇಲೆ ಮಾತಾಡುತ್ತದೆ, ಆದರೆ ಮೊದಲು ಬಳಸುತ್ತಿದ್ದ ಇಂಪಾದ ದನಿ ಮಾಯವಾಗಿದೆ, ಕೆಲವು ಸೌಲಭ್ಯಗಳು ಕೆಲಸ ಮಾಡುತ್ತಿಲ್ಲ. “ಹೊಸದು ಹಾಕಿದ್ರ ಇದ್ದದ್ದೂ ಹೋತಲ್ರಿ” ಎಂದು ಅವರ ದೂರು.

ಇದನ್ನು ತಿಳಿಯಲು ಇಳಕಲ್ ಮಗ್ಗದ ಮುಂದೆ ಒಂದು ಗಳಿಗೆ ನಿಂತರೆ ಸಾಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೇ ತೋಪು ತೆನಿ ಎನ್ನುವುದು. ಒಡಲನ್ನು ಬದಲಿಸಿ ಹಳೆಯ ಸೆರಗನ್ನೇ ಇಟ್ಟರೆ ಎಳೆ ಕೂಡುವುದು ಹೇಗೆ? ಎನ್‌ವಿಡಿಎ ಒಡಲು ಇದ್ದಂತೆ. ಅದಕ್ಕೆ ಬೇರೆಯವರು ಮಾಡಿದ ಆಡ್-ಆನ್ ಎಂಬ ಜೋಡಣೆಗಳು ಸೆರಗು ಇದ್ದಂತೆ. ಪ್ರತಿವರ್ಷದ ಮೊದಲ ಆವೃತ್ತಿ, ಅಂದರೆ 2024.1, 2025.1 ಎಂಬಂತೆ ಇಸವಿಯ ಮುಂದೆ 1 ಇರುವುದು, ಒಡಲಿನ ಎಳೆಯನ್ನೇ ಬದಲಿಸುತ್ತದೆ. ಆಗ ಹಳೆಯ ಜೋಡಣೆಗಳನ್ನು ಎನ್‌ವಿಡಿಎ ತಾನೇ ನಿಲ್ಲಿಸಿಡುತ್ತದೆ. ಇಂಪಾದ ದನಿ ಆಡ್-ಆನ್ ಮೂಲಕ ಬಂದಿದ್ದರೆ ಅದೂ ನಿಲ್ಲುತ್ತದೆ.

ಪರಿಹಾರ ಸುಲಭ. ಎನ್‌ವಿಡಿಎಯ ಟೂಲ್ಸ್ ಪಟ್ಟಿಯಲ್ಲಿ ಆಡ್-ಆನ್ ಸ್ಟೋರ್ ಇದೆ. ಅಲ್ಲಿ ಪ್ರತಿ ಜೋಡಣೆಗೂ ಹೊಸ ಆವೃತ್ತಿ ಬಂದಿದೆಯೇ ನೋಡಿ ಹಾಕಿಕೊಳ್ಳಲಿ. ಬಂದಿಲ್ಲವಾದರೆ ಕೆಲವು ವಾರ ಇ-ಸ್ಪೀಕ್ ದನಿಯಲ್ಲೇ ಓದಲಿ. ಯಾವುದೋ ಜೋಡಣೆಯಿಂದ ಎನ್‌ವಿಡಿಎ ಪದೇಪದೇ ನಿಲ್ಲುತ್ತಿದ್ದರೆ ಇನ್ಸರ್ಟ್ ಮತ್ತು ಕ್ಯೂ ಒತ್ತಿದಾಗ ಬರುವ ಪಟ್ಟಿಯಲ್ಲಿ, ಆಡ್-ಆನ್ ಇಲ್ಲದೆ ಮತ್ತೆ ಶುರು ಮಾಡುವ ಆಯ್ಕೆ ಸಿಗುತ್ತದೆ. ಹಾಗೆ ಶುರು ಮಾಡಿದಾಗ ಎಲ್ಲ ಸರಿಯಿದ್ದರೆ ದೋಷ ಆಡ್-ಆನ್‌ಗಳಲ್ಲಿ ಯಾವುದೋ ಒಂದರದೆಂದು ತಿಳಿಯಿರಿ.

ಬಾಗಲಕೋಟೆಯ ಪ್ರಶ್ನೆ: ಹಳೆಯ ಕಂಪ್ಯೂಟರ್

ಬಾಗಲಕೋಟೆಯ ಸೋದರಿಯ ಮನೆಯಲ್ಲಿ ಇರುವುದು ವಿಂಡೋಸ್ 7ರ ಹಳೆಯ ಕಂಪ್ಯೂಟರ್. ಎಷ್ಟು ಸಲ ಹಾಕಿದರೂ ಹೊಸ ಎನ್‌ವಿಡಿಎ ಕೂಡುತ್ತಿಲ್ಲ.

ಅದು ಕೂಡುವುದೂ ಇಲ್ಲ ತಂಗಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನವರ ಬೆಂಬಲ 2020ರ ಜನವರಿಯಲ್ಲೇ ನಿಂತಿತು. ಎನ್‌ವಿಡಿಎಯವರು 2024ರ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ನಿಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಎಷ್ಟೋ ಮನೆಗಳವರು ನವನಗರದ ಸೆಕ್ಟರುಗಳಿಗೆ ಬಂದರು. ಖಾಲಿಯಾದ ಹಳೆಯ ವಿಳಾಸಕ್ಕೆ ಹೊಸ ಪತ್ರ ಬರೆದರೆ ಮುಟ್ಟೀತೇ? ಆದರೆ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ 7ಕ್ಕೆ ಹೊಂದುವ ಕೊನೆಯ ಎನ್‌ವಿಡಿಎ ಆವೃತ್ತಿಯ ಸಂಖ್ಯೆ 2023.3.4. ಅದನ್ನೇ ಹಾಕಿ, ಮುಂದಿನ ಅಪ್‌ಡೇಟ್ ಕೇಳಿದರೆ ಬೇಡವೆನ್ನಿ. ಓದಲು, ಬರೆಯಲು ಅಷ್ಟು ಸಾಕು. ಬ್ಯಾಂಕಿನ ವ್ಯವಹಾರ ಮಾತ್ರ ಆ ಯಂತ್ರದಲ್ಲಿ ಬೇಡ, ಅದಕ್ಕೆ ಈಗ ಭದ್ರತೆಯ ಬೇಲಿ ಇಲ್ಲ.

ಬಾದಾಮಿಯ ಪ್ರಶ್ನೆ: ಮಾವನವರ ಫೋನು

ಬಾದಾಮಿಯಿಂದ ಬರೆದ ಸೊಸೆ ಜಾಣೆ. ಸಕ್ಕರೆ ಕಾಯಿಲೆಯಿಂದ ಮಾವನವರ ದೃಷ್ಟಿ ಹೋಗಿದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಎಂಬ ಓದುಗನ ಸಹಾಯದಿಂದ ಅವರು ತಾವೇ ಫೋನ್ ಮಾಡುತ್ತಿದ್ದರು, ವಾಟ್ಸಾಪಿನ ಸಂದೇಶ ಕೇಳುತ್ತಿದ್ದರು. ಬನಶಂಕರಿ ಜಾತ್ರೆಗೆ ಬಂದ ಮೊಮ್ಮಗ ಫೋನ್ ಹಿಡಿದು ಆಡಿದ. ಮಾತು ನಿಂತಿತು. ಸೊಸೆ ಹೇಗೋ ಮತ್ತೆ ಬರಿಸಿದರು. ವಾರ ಕಳೆಯುವಷ್ಟರಲ್ಲಿ ರಾತ್ರಿ ಅಪ್‌ಡೇಟ್ ಆಗಿ ಕನ್ನಡ ಹೋಗಿ ಇಂಗ್ಲಿಷ್ ಬಂತು. “ಮಾವಾರು ಫೋನ್ ಮುಟ್ಟವಲ್ರು, ಸುಮ್ನ ಕಟ್ಟಿ ಮ್ಯಾಲೆ ಕುಂದರತಾರ” ಎಂದು ಬರೆದಿದ್ದಾರೆ.

ಎರಡಕ್ಕೂ ಉಪಾಯ ಇದೆ. ಸೌಂಡ್ ಏರಿಸುವ, ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಟಾಕ್‌ಬ್ಯಾಕ್ ನಿಲ್ಲುತ್ತದೆ, ಮತ್ತೆ ಹಿಡಿದರೆ ಶುರುವಾಗುತ್ತದೆ. ಮೊಮ್ಮಗನ ಕೈಯಲ್ಲಿ ಆದದ್ದು ಇದೇ ಇರಬೇಕು. ಕನ್ನಡ ಹೋಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ, ಅಲ್ಲಿ ಟೆಕ್ಸ್ಟ್-ಟು-ಸ್ಪೀಚ್ ಎಂಬುದನ್ನು ತೆರೆಯಿರಿ. ಓದುವ ಎಂಜಿನ್ ಗೂಗಲ್‌ನದೇ ಇದೆಯೇ, ಭಾಷೆ ಕನ್ನಡವೇ ಇದೆಯೇ ನೋಡಿ. ಕನ್ನಡದ ದನಿಯ ಕಡತ ಇಲ್ಲದಿದ್ದರೆ ಅಲ್ಲೇ ಇಳಿಸಿಕೊಳ್ಳಬಹುದು. ಟಾಕ್‌ಬ್ಯಾಕ್ ನಡೆಯುತ್ತಿರುವಾಗ ಒಂದು ಸಲ ಮುಟ್ಟಿದರೆ ಅದು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಇದು ತಿಳಿಯದೆ ‘ಫೋನ್ ಕೆಟ್ಟೈತಿ’ ಎಂದು ಅಂಗಡಿಗೆ ಹೋಗುವವರು ಬಹಳ.

ಫೋನನ್ನು ಸರಿಮಾಡಿ ಕೈಗಿಟ್ಟು ಸುಮ್ಮನಾಗಬೇಡಿ. ಮಾವನವರ ಕೈಯಿಂದಲೇ ಆ ಎರಡು ಗುಂಡಿಗಳನ್ನು ನಾಲ್ಕು ಸಲ ಒತ್ತಿಸಿ. ಇನ್ನೊಮ್ಮೆ ಮಾತು ನಿಂತಾಗ ಅವರು ಯಾರ ದಾರಿಯನ್ನೂ ಕಾಯದೆ ತಾವೇ ಬರಿಸಿಕೊಂಡರೆ ಕಟ್ಟೆಯಿಂದ ಎದ್ದು ಬರುತ್ತಾರೆ.

ಮುಂದಿನ ಅಪ್‌ಡೇಟಿಗೆ ಮೊದಲು

ಉಪ್ಪಿನಕಾಯಿಗೆ ಜಾಡಿ ಒಣಗಿಸಿ ಇಟ್ಟುಕೊಳ್ಳುವ ಹಾಗೆ ಇದಕ್ಕೂ ಮುಂಚೆಯೇ ತಯಾರಿ ಬೇಕು:

• ಎನ್‌ವಿಡಿಎಯ ಟೂಲ್ಸ್ ಪಟ್ಟಿಯಿಂದ ಪೆನ್ ಡ್ರೈವಿನಲ್ಲಿ ಪೋರ್ಟಬಲ್ ಕಾಪಿ, ಅಂದರೆ ಜೊತೆಯಲ್ಲಿ ಒಯ್ಯುವ ನಕಲನ್ನು ಮಾಡಿಟ್ಟುಕೊಳ್ಳಲಿ. ಒಳಗಿನದು ಕೈಕೊಟ್ಟರೆ ಇದರಿಂದ ಮಾತು ಬರುತ್ತದೆ.

• ಬರೆದ ಪಾಠಗಳ ನಕಲು ಇನ್ನೊಂದು ಕಡೆಯೂ ಇರಲಿ.

• ಪರೀಕ್ಷೆಯ, ಅರ್ಜಿಯ ವಾರದಲ್ಲಿ ಅಪ್‌ಡೇಟ್ ಬೇಡ. ಇಸವಿಯ ಮುಂದೆ 1 ಇರುವ ಆವೃತ್ತಿಯನ್ನು ಬಂದ ದಿನವೇ ಹಾಕಬೇಡಿ, ಕೆಲವು ವಾರ ತಡೆಯಿರಿ.

• ಚಾರ್ಜರ್ ಹಚ್ಚಿ, ಮನೆಯಲ್ಲಿ ಕಣ್ಣಿರುವವರೊಬ್ಬರು ಇರುವ ಹೊತ್ತಿನಲ್ಲಿ, ಹಗಲಲ್ಲಿ ಮಾಡಿ.

• ಕರೆ ಮಾಡಿ ‘ನಾವು ಸರಿಮಾಡುತ್ತೇವೆ, ಈ ಆ್ಯಪ್ ಹಾಕಿ, ಓಟಿಪಿ ಹೇಳಿ’ ಎನ್ನುವ ಅಪರಿಚಿತರಿಗೆ ಏನನ್ನೂ ಹೇಳಬೇಡಿ. ಕಣ್ಣು ಕಾಣದವರ ಪಾಸ್‌ವರ್ಡನ್ನು ಮನೆಯವರೂ ಕೇಳಬಾರದು. ಬೀರುವಿನ ಕೀಲಿ ನಿಮ್ಮ ಸೊಂಟದಲ್ಲಿರುವ ಹಾಗೆ ಅದು ಅವರದು.

ಕಂಟ್ರೋಲ್, ಆಲ್ಟ್, ಎನ್ ಮತ್ತು ವಿಂಡೋಸ್, ಕಂಟ್ರೋಲ್, ಎಂಟರ್ ಎಂಬ ಈ ಎರಡು ಸಾಲುಗಳನ್ನು ಚೀಟಿಯಲ್ಲಿ ಬರೆದು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಚೀಟಿ ಇರುವುದು ನಿಮಗಾಗಿ, ಮಗಳಿಗೆ ಅದು ಬಾಯಿಪಾಠ. ಅವಳು “ಅವ್ವಾ, ಏನ್ ಬಂದೈತಿ ಓದು” ಎಂದು ಕೂಗಿದಾಗ ಒಲೆ ಸಣ್ಣದು ಮಾಡಿ ಹೋಗಿ, ಕಂಡದ್ದನ್ನು ಕಂಡ ಹಾಗೆ ಓದಿ ಹೇಳಿ. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.